ನಾಲ್ಕು ವಾರದ ರಜೆ

ಆಲುವಕ್ಕೆ ನಾನೂ ನನ್ನಾಕೆಯೂ ಬಂದದ್ದು ಮೂರು ತಿಂಗಳ ಮಟ್ಟಿಗೆ. ಮಗಳಿಗೆ ಹೆರಿಗೆಯಾಗಿತ್ತು, ಅಳಿಯನಿಗೆ ಶಿಫ್ಟ್ ಕೆಲಸ. ಬಾಣಂತನ ಮುಗಿಸಿಕೊಟ್ಟು ಯುಗಾದಿ ಹೊತ್ತಿಗೆ ತಿಪಟೂರು ಸೇರಿಕೊಳ್ಳೋಣ ಅಂತ ಎರಡು ಸೂಟ್‌ಕೇಸಿನಲ್ಲಿ ಬಟ್ಟೆ ತುಂಬಿಕೊಂಡು ಹೊರಟವರು ನಾವು. ಅದು 2019ರ ಜನವರಿ. ಹಿಂದಿನ ಆಗಸ್ಟಿನಲ್ಲಿ ಪೆರಿಯಾರ್ ನದಿ ಊರೊಳಕ್ಕೆ ನುಗ್ಗಿ ಹೋಗಿತ್ತು. ನಮ್ಮ ಬೀದಿಯ ಕಾಂಪೌಂಡ್ ಗೋಡೆಗಳ ಮೇಲೆ ನೀರು ನಿಂತ ಗೆರೆ ಆಗಿನ್ನೂ ಕಾಣುತ್ತಿತ್ತು. ಇಂಥ ಊರಿನಲ್ಲಿ ಯಾರಾದರೂ ಖಾಯಂ ಇರುತ್ತಾರೆಯೇ ಅಂತ ನನ್ನಾಕೆ ಕೇಳಿದ್ದಳು. ಆ ಯುಗಾದಿ ಹೋಯಿತು. ಆಮೇಲೆ ಎಷ್ಟೋ ಯುಗಾದಿಗಳು ಇಲ್ಲೇ ಆದವು. ಊರಿನವರು ಫೋನಿನಲ್ಲಿ ಮೊದಲೆಲ್ಲ ‘ಯಾವಾಗ ಬರ್ತೀರಿ?’ ಅಂತ ಕೇಳುತ್ತಿದ್ದರು. ಈಗ ‘ಬರ್ತೀರಾ?’ ಅಂತ ಕೇಳುತ್ತಾರೆ.

ತೆಂಗಿನ ಸೀಮೆಯಿಂದ ತೆಂಗಿನ ಸೀಮೆಗೇ ಬಂದವನಿಗೆ ಪರಊರು ಅನ್ನಿಸಬಾರದು ನಿಜ. ಆದರೆ ನಮ್ಮ ಕಡೆ ತೆಂಗು ಅಂದರೆ ಕೊಬ್ಬರಿ, ಮಂಡಿ, ಇವತ್ತಿನ ಧಾರಣೆ. ಇಲ್ಲಿ ತೆಂಗು ಅಂದರೆ ಎಣ್ಣೆ, ಪಲ್ಯ, ಚಟ್ನಿ, ತಲೆಕೂದಲು ಎಲ್ಲವೂ. ಮಾತೂ ಹಾಗೇ. ಅರ್ಧ ನಮ್ಮದೇ ಮಾತು ಅನ್ನಿಸುತ್ತೆ, ಇನ್ನರ್ಧ ಕೈಗೆ ಸಿಗೋದಿಲ್ಲ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಮಾತಾಡಿಕೊಂಡೇ ಬದುಕಿದವನು ನಾನು. ಇಲ್ಲಿ ಅಂಗಡಿಗೆ ಹೋದರೆ ಬೆರಳು ತೋರಿಸಿ ಸಾಮಾನು ತರುವ ಸ್ಥಿತಿ ಬಂತು. ಶಿವರಾತ್ರಿಯ ದಿನ ನದಿಯ ಮಣಲಪ್ಪುರದಲ್ಲಿ ಸಾವಿರಾರು ಜನ ತಮ್ಮ ಹಿರಿಯರಿಗೆ ಪಿಂಡ ಇಡುವುದನ್ನು ಮೊದಲ ಸಲ ನೋಡಿದಾಗ, ನಮ್ಮ ಹಿರಿಯರು ಈ ಗುಂಪಿನಲ್ಲಿ ನನ್ನನ್ನು ಹುಡುಕಿಯಾರು ಹೇಗೆ ಅನ್ನಿಸಿತ್ತು. ಮಣಲಪ್ಪುರ ಅಂದೆನಲ್ಲ, ಇಲ್ಲಿಯವರು ಅದನ್ನು ಮಣಪ್ಪುರಂ ಅನ್ನುತ್ತಾರೆ. ನೋಡಿ, ಇಷ್ಟು ವರ್ಷವಾದರೂ ನನ್ನ ಬಾಯಿಗೆ ಬರುವುದು ನನ್ನದೇ ಪಾಠ.

ಈ ಊರಿನಲ್ಲಿ ನನಗೆ ಸಿಕ್ಕಿದ ಒಬ್ಬ ಗೆಳೆಯರು ಪಕ್ಕದ ಮನೆಯ ಮಾಷ್. ಮಾಷ್ ಅಂದರೆ ಮೇಷ್ಟ್ರು. ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು, ನನಗಿಂತ ಆರೇಳು ವರ್ಷಕ್ಕೆ ಹಿರಿಯರು. ಭಾನುವಾರ ಅವರ ಇಗರ್ಜಿಯಲ್ಲಿ ಆರ್ಗನ್ ಬಾರಿಸುತ್ತಾರೆ. ಆರ್ಗನ್ ಅಂದರೆ ನಾನು ಏನೇನೋ ಕಲ್ಪಿಸಿಕೊಂಡಿದ್ದೆ; ಹೋಗಿ ನೋಡಿದರೆ ಆರ್ಕೆಸ್ಟ್ರಾದವರ ಹತ್ತಿರ ಇರುತ್ತಲ್ಲ, ಆ ಕೀಬೋರ್ಡು. ಮಾಷ್ ನಕ್ಕು, ‘ಇದು ಆರ್ಗನ್ನಿನ ಮೊಮ್ಮಗ, ಸಾರ್’ ಅಂದರು. ನಿಜವಾದ ಆರ್ಗನ್ ಅಂದರೆ ಒಂದು ಮನೆಯಷ್ಟು ದೊಡ್ಡದು, ನೂರಾರು, ಕೆಲವು ಕಡೆ ಸಾವಿರಾರು ಕೊಳವೆಗಳು, ಎರಡು ಕೈಗಳ ಜೊತೆಗೆ ಎರಡು ಕಾಲುಗಳೂ ಬಾರಿಸಬೇಕು. ಕರೆಂಟು ಬರುವುದಕ್ಕೆ ಮುಂಚೆ ಆ ಕೊಳವೆಗಳಿಗೆ ಗಾಳಿ ತುಂಬಲು ಹಿಂದುಗಡೆ ಆಳುಗಳು ಇರುತ್ತಿದ್ದರಂತೆ. ಕಮ್ಮಾರನ ತಿದಿ ಇದೆಯಲ್ಲ, ಅಂಥವೇ ದೊಡ್ಡ ದೊಡ್ಡ ತಿದಿಗಳನ್ನು ಅವರು ತುಳಿಯುತ್ತಲೇ ಇರಬೇಕು. ತುಳಿಯೋದು ನಿಲ್ಲಿಸಿದರೆ ಎಂಥ ಮಹಾ ವಿದ್ವಾಂಸ ಕೂತಿದ್ದರೂ ಒಂದು ಸ್ವರ ಹೊರಡುವುದಿಲ್ಲ. ಕೇಳಲು ಬಂದವರಿಗೆ ಬಾರಿಸುವವನೇ ಸರಿಯಾಗಿ ಕಾಣುವುದಿಲ್ಲ, ಇನ್ನು ತಿದಿಯವನು ಕಾಣುವುದೆಲ್ಲಿ ಬಂತು.

ಒಂದು ಸಂಜೆ ಜಗುಲಿಯಲ್ಲಿ ಕೂತು ನಾನು ಬ್ಯಾಂಕಿನ ಕಾಲದ ರಜೆಯ ತಂಟೆಗಳನ್ನು ಹೇಳುತ್ತಿದ್ದೆ. ನಿವೃತ್ತರಿಗೆ ಅದೊಂದು ಚಟ. ಮಾಷ್ ಕೇಳಿಸಿಕೊಂಡು, ‘ರಜೆ ಮೀರಿದವರಲ್ಲಿ ನಮ್ಮ ಬಾಖ್‌ನನ್ನು ಮೀರಿಸಿದವರಿಲ್ಲ’ ಅಂತ ಶುರುಮಾಡಿದರು.

ಯೊಹಾನ್ ಸೆಬಾಸ್ಟಿಯನ್ ಬಾಖ್ ಅನ್ನುವ ಹೆಸರು ನಮ್ಮಲ್ಲಿ ಕೆಲವರಿಗಾದರೂ ಗೊತ್ತು. ನನಗೆ ಗೊತ್ತಿದ್ದದ್ದು ಹೆಸರು ಮಾತ್ರ. ಜರ್ಮನಿಯ ಐಸೆನಾಖ್‌ನಲ್ಲಿ 1685ರಲ್ಲಿ ಹುಟ್ಟಿದವನು. ಹತ್ತು ವರ್ಷಕ್ಕೇ ತಂದೆತಾಯಿ ಇಬ್ಬರೂ ಹೋದರು, ಅಣ್ಣನ ಮನೆಯಲ್ಲಿ ಬೆಳೆದ. ಅಣ್ಣ ಬೀಗ ಹಾಕಿಟ್ಟಿದ್ದ ಸಂಗೀತದ ಪುಸ್ತಕವೊಂದನ್ನು ಜಾಲರಿಯೊಳಗೆ ಕೈತೂರಿಸಿ ತೆಗೆದು, ಬೆಳದಿಂಗಳಲ್ಲಿ ಆರು ತಿಂಗಳು ಕದ್ದು ನಕಲು ಮಾಡಿಕೊಂಡ, ಅಣ್ಣನಿಗೆ ಗೊತ್ತಾಗಿ ಆ ನಕಲನ್ನೂ ಕಿತ್ತುಕೊಂಡ ಅಂತ ಅವನ ಮನೆಯವರೇ ಆಮೇಲೆ ಬರೆದಿಟ್ಟಿದ್ದಾರೆ. ಹದಿನೆಂಟನೇ ವಯಸ್ಸಿಗೆ, 1703ರಲ್ಲಿ, ಆರ್ನ್‌ಸ್ಟಾಟ್ ಅನ್ನುವ ಸಣ್ಣ ಊರಿನ ಹೊಸ ಚರ್ಚಿನಲ್ಲಿ ಆರ್ಗನ್ ಬಾರಿಸುವ ನೌಕರಿ ಸಿಕ್ಕಿತು. ವಯಸ್ಸಿಗೆ ಒಳ್ಳೆಯ ಸಂಬಳವೇ. ಆದರೆ ಮನುಷ್ಯ ಹೊಂದಿಕೊಳ್ಳುವ ಪೈಕಿ ಅಲ್ಲ. ತನ್ನ ಕೈಕೆಳಗಿನ ಹುಡುಗನೊಬ್ಬನ ವಾದ್ಯವನ್ನು ಹೀಯಾಳಿಸಿ, ಅವನು ರಾತ್ರಿ ಬೀದಿಯಲ್ಲಿ ದೊಣ್ಣೆ ಹಿಡಿದು ಅಡ್ಡಹಾಕಿದಾಗ ಇವನು ಕತ್ತಿಗೆ ಕೈಹಾಕಿದ. ವಿಚಾರಣೆ ನಡೆಯಿತು.

ಅದಾದ ಕೆಲವೇ ತಿಂಗಳಿಗೆ, 1705ರ ಚಳಿಗಾಲದ ಮೊದಲಿಗೆ, ನಾಲ್ಕು ವಾರದ ರಜೆ ಕೇಳಿದ. ಉತ್ತರದ ಲ್ಯೂಬೆಕ್ ಪಟ್ಟಣದಲ್ಲಿ ಬುಕ್ಸ್‌ಟೆಹುಡೆ ಅನ್ನುವ ವೃದ್ಧ ವಿದ್ವಾಂಸ ಇದ್ದ, ಅವನ ಆರ್ಗನ್ ಕೇಳಬೇಕು ಅಂತ. ರಜೆ ಮಂಜೂರಾಯಿತು. ಬಾಖ್ ನಡೆದುಕೊಂಡೇ ಹೊರಟ. ನಾನೂರು ಕಿಲೋಮೀಟರಿಗೂ ಹೆಚ್ಚು; ಬೆಂಗಳೂರಿನಿಂದ ಹುಬ್ಬಳ್ಳಿಗೆ ನಡೆದ ಹಾಗೆ ಅಂದುಕೊಳ್ಳಿ. ಹೋದವನು ನಾಲ್ಕು ವಾರಕ್ಕೆ ಬರಲಿಲ್ಲ, ಎಂಟು ವಾರಕ್ಕೆ ಬರಲಿಲ್ಲ. ಕ್ರಿಸ್ಮಸ್ ಬಂತು, ಹೋಯಿತು. ಆರ್ಗನಿಸ್ಟನಿಗೆ ಕ್ರಿಸ್ಮಸ್ ಅಂದರೆ ನಮಗೆ ಮಾರ್ಚ್ 31 ಇದ್ದ ಹಾಗೆ. ಬಂದದ್ದು ಫೆಬ್ರವರಿಯಲ್ಲಿ, ಹೆಚ್ಚುಕಡಿಮೆ ನಾಲ್ಕು ತಿಂಗಳ ಮೇಲೆ.

1706ರ ಫೆಬ್ರವರಿ 21ರಂದು ಆಡಳಿತದವರು ಕರೆಸಿ ಕೇಳಿದರು. ಆ ನಡಾವಳಿ ಇವತ್ತಿಗೂ ಉಳಿದಿದೆ. ಎಲ್ಲಿಗೆ ಹೋಗಿದ್ದೆ ಅಂದರೆ, ನನ್ನ ವಿದ್ಯೆಯಲ್ಲಿ ಒಂದೆರಡು ವಿಷಯ ತಿಳಿದುಕೊಳ್ಳಲು ಹೋಗಿದ್ದೆ ಅಂದ. ನಾಲ್ಕು ವಾರ ಕೇಳಿ ನಾಲ್ಕರಷ್ಟು ಕಾಲ ಯಾಕೆ ಇದ್ದೆ ಅಂದರೆ, ನನ್ನ ಜಾಗದಲ್ಲಿ ಇಟ್ಟುಹೋದವನು ಸರಿಯಾಗಿ ನಡೆಸಿರುತ್ತಾನೆ ಅಂತ ನಂಬಿದ್ದೆ ಅಂದ. ಅವರು ಅಷ್ಟಕ್ಕೇ ಬಿಡದೆ, ಬಂದ ಮೇಲೆ ನೀನು ಬಾರಿಸುವುದರಲ್ಲಿ ಏನೇನೋ ವಿಚಿತ್ರ ಸ್ವರಗಳು ಸೇರಿಕೊಂಡು ಜನಕ್ಕೆ ಹಾಡುವುದೇ ಗೊಂದಲವಾಗಿದೆ ಅಂತ ಇನ್ನೊಂದು ಆರೋಪ ಸೇರಿಸಿದರು. ಮುಂದಿನ ವರ್ಷವೇ ಅವನು ಆ ಊರು ಬಿಟ್ಟ. ಆ ವಿಚಿತ್ರ ಸ್ವರಗಳಿಂದಲೇ ಬಾಖ್ ಬಾಖ್ ಆದದ್ದು ಅನ್ನುವುದು ಮಾಷ್ ಅಭಿಪ್ರಾಯ. ‘ಆ ಆಡಳಿತದವರ ಹೆಸರು ಯಾರಿಗಾದರೂ ನೆನಪಿದೆಯೇ ಸಾರ್?’ ಅಂತ ಕೇಳಿದರು.

ನಾನು ಮಾತಾಡಲಿಲ್ಲ. ಯಾಕೆಂದರೆ ನಾನು ಆ ಆಡಳಿತದವನು.

1989ರಲ್ಲಿ ನಾನು ಕರಾವಳಿಯ ಒಂದು ಸಣ್ಣ ಶಾಖೆಯಲ್ಲಿ ಮ್ಯಾನೇಜರ್. ಅಲ್ಲಿ ಒಬ್ಬ ಗುಮಾಸ್ತ ಇದ್ದರು, ಮದ್ದಳೆಯ ಹುಚ್ಚು. ಹುಚ್ಚು ಅಂದದ್ದು ಆಗಿನ ನನ್ನ ಮಾತು. ಊರಿನವರು ಕೈ ಅಂದರೆ ಅವರದು ಅನ್ನುತ್ತಿದ್ದರು. ಕೌಂಟರಿನ ಮೇಲೂ ಬೆರಳು ನಿಲ್ಲುತ್ತಿರಲಿಲ್ಲ. ಯಕ್ಷಗಾನದ ತಿರುಗಾಟ ಶುರುವಾಗುವ ಕಾಲಕ್ಕೆ ಮೇಳವೊಂದರ ಮದ್ದಳೆಗಾರರಿಗೆ ಮೈ ಹುಷಾರಿಲ್ಲ ಅಂತ ಕರೆ ಬಂತು. ಹದಿನೈದು ದಿನದ ರಜೆ ಬರೆದುಕೊಟ್ಟು ಹೋದರು. ಬಂದದ್ದು ಎಪ್ಪತ್ತು ದಿನಕ್ಕೆ, ಕಣ್ಣು ಕೆಂಪಾಗಿತ್ತು, ಮುಖದಲ್ಲಿ ಒಂದು ಥರದ ಬೆಳಕಿತ್ತು. ನಾನು ಮೆಮೊ ಕೊಟ್ಟೆ. ವಿವರಣೆಯಲ್ಲಿ ಅವರು ಬರೆದ ಒಂದು ಸಾಲಿನ ಸಾರಾಂಶ ಇಷ್ಟು: ಸೀಟಿನ ಕೆಲಸ ಯಾರಾದರೂ ನೋಡಿಕೊಂಡಿರುತ್ತಾರೆ ಅಂತ ತಿಳಿದಿದ್ದೆ. ಬಾಖ್ ಹೇಳಿದ್ದೂ ಅದನ್ನೇ ಅಂತ ಕೇಳಿದಾಗ ನನಗೆ ಯಾಕೆ ಮಾತು ನಿಂತಿತು ಅಂತ ಈಗ ಗೊತ್ತಾಯಿತಲ್ಲ.

ನನ್ನ ವರದಿಯ ಮೇಲೆ ಅವರ ಎರಡು ಇನ್‌ಕ್ರಿಮೆಂಟ್ ಹೋಯಿತು. ಮುಂದೆ ಬಡ್ತಿಯೂ ಬರಲಿಲ್ಲ. ಆಮೇಲೆ ಅವರು ಮೇಳಕ್ಕೆ ಹೋಗಲಿಲ್ಲ ಅಂತ ಕೇಳಿದೆ. ನಿವೃತ್ತಿಗೆ ಮುಂಚೆಯೇ ತೀರಿಕೊಂಡರು.

ಇದನ್ನು ಮಾಷ್‌ಗೆ ಮಾರನೇ ದಿನ ಹೇಳಿದೆ. ‘ಒಬ್ಬ ಬಾಖ್‌ನನ್ನು ಕೊಂದಿರಿ’ ಅಂತ ಅವರು ತಮಾಷೆಗೆ ಅಂದರು. ನನಗೆ ಸಿಟ್ಟು ಬಂತು. ಕಲೆಯ ಮಾತಾಡುವವರು ಒಂದು ವಿಷಯವನ್ನು ಸಲೀಸಾಗಿ ಮರೆಯುತ್ತಾರೆ. ಆ ಎಪ್ಪತ್ತು ದಿನ ಅವರ ಸೀಟನ್ನು ನೋಡಿಕೊಂಡ ‘ಯಾರೋ’ ಒಬ್ಬರು ಇದ್ದರಲ್ಲ, ಆಕೆ ಆರು ತಿಂಗಳ ಹಸುಗೂಸಿನ ತಾಯಿ. ಆಗ ಕಂಪ್ಯೂಟರ್ ಎಲ್ಲಿ? ಲೆಡ್ಜರಿನ ಬಾಕಿ ತಾಳೆಯಾಗದೆ ಮನೆಗೆ ಹೋಗುವ ಹಾಗಿಲ್ಲ. ರಾತ್ರಿ ಎಂಟಕ್ಕೆ ಕೂಸನ್ನು ಎತ್ತಿಕೊಂಡು ಆಕೆಯ ಅತ್ತೆ ಬ್ಯಾಂಕಿನ ಬಾಗಿಲಿಗೆ ಬರುತ್ತಿದ್ದರು, ಈಕೆ ಸ್ಟ್ರಾಂಗ್ ರೂಮಿನ ಪಕ್ಕದ ಕತ್ತಲಲ್ಲಿ ಕೂತು ಹಾಲು ಕೊಟ್ಟು ಮತ್ತೆ ಲೆಡ್ಜರ್ ಹಿಡಿಯುತ್ತಿದ್ದಳು. ಒಂದು ದಿನವೂ ದೂರಲಿಲ್ಲ. ದೂರಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ನಾನು ಮೆಮೊ ಬರೆದದ್ದು ನಿಯಮಕ್ಕಾಗಿ ಅಂತ ಫೈಲು ಹೇಳುತ್ತೆ, ಬರೆದದ್ದು ಆಕೆಗಾಗಿ. ಇವತ್ತು ಬರೆಯಬೇಕಾಗಿ ಬಂದರೂ ಬರೆಯುತ್ತೇನೆ. ಇನ್‌ಕ್ರಿಮೆಂಟ್ ಒಂದು ಸಾಕಿತ್ತು, ಎರಡು ಹೆಚ್ಚಾಯಿತು, ಅಷ್ಟರ ಮಟ್ಟಿಗೆ ನನ್ನ ತಪ್ಪು ಒಪ್ಪುತ್ತೇನೆ.

ಮಾಷ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಕೆಗೆ ಏನಾದರೂ ಸಿಕ್ಕಿತೇ?’ ಅಂತ ಕೇಳಿದರು.

ಏನೂ ಸಿಗಲಿಲ್ಲ. ಅವರಿಗೆ ಶಿಕ್ಷೆ ಕೊಡಿಸಿದೆನೇ ಹೊರತು ಆಕೆಗೆ ಒಂದು ಮೆಚ್ಚುಗೆಯ ಪತ್ರ ಬರೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಆ ಪ್ರಶ್ನೆ ಬಂದ ಮೇಲೆ ನಾನು ಬಾಖ್‌ನ ಬೆನ್ನು ಹತ್ತಿದೆ. ಮಾಷ್ ಹತ್ತಿರ ಇದ್ದ ಪುಸ್ತಕಗಳನ್ನು ತಂದು ಓದಿದೆ. ಸಂಗೀತ ಅರ್ಥವಾಗಲಿಲ್ಲ, ಲೆಕ್ಕ ಅರ್ಥವಾಯಿತು. 1730ರಲ್ಲಿ ಲೈಪ್‌ಜಿಗ್‌ನಿಂದ ತನ್ನ ಹಳೆಯ ಸಹಪಾಠಿಗೆ ಅವನು ಒಂದು ಕಾಗದ ಬರೆದಿದ್ದಾನೆ. ಇಲ್ಲಿ ಸಂಬಳ, ಮೇಲುಸಂಪಾದನೆ ಸೇರಿ ಸುಮಾರು 700 ಥಾಲರ್ ಬರುತ್ತೆ, ಆದರೆ ಊರು ದುಬಾರಿ. ಶವಸಂಸ್ಕಾರದ ಹಾಡಿಗೆ ಸಿಗುವ ಭತ್ಯವೇ ದೊಡ್ಡದು, ಗಾಳಿ ಚೆನ್ನಾಗಿದ್ದರೆ ಸಾಯುವವರು ಕಡಿಮೆ, ಹೋದ ವರ್ಷ ಹಾಗಾಗಿ 100 ಥಾಲರಿಗೂ ಹೆಚ್ಚು ನಷ್ಟವಾಯಿತು ಅಂತ. ಓದಿ ಒಬ್ಬನೇ ನಕ್ಕುಬಿಟ್ಟೆ. ಕೊಬ್ಬರಿ ಮಂಡಿಯವರೂ ಹೀಗೇ ಬರೆಯುತ್ತಾರೆ. ಇಪ್ಪತ್ತು ಮಕ್ಕಳು ಹುಟ್ಟಿ ಹತ್ತು ಉಳಿದ ಮನೆ ಅವನದು, ಲೆಕ್ಕ ಹಾಕದೆ ನಡೆಯುವುದು ಹೇಗೆ? ಹಟವೂ ಕಡಿಮೆಯಾಗಿರಲಿಲ್ಲ. ವೈಮಾರ್ ದೊರೆಯ ಕೆಲಸ ಬಿಟ್ಟು ಬೇರೆ ಕಡೆ ಹೋಗಲು ಅನುಮತಿ ಕೊಡಿ ಅಂತ ಪಟ್ಟು ಹಿಡಿದು, 1717ರಲ್ಲಿ ನವೆಂಬರ್ 6ರಿಂದ ಡಿಸೆಂಬರ್ 2ರ ತನಕ ಜೈಲಿನಲ್ಲಿದ್ದ. ಅದೂ ಸುಮಾರು ನಾಲ್ಕು ವಾರವೇ!

ನಗು ನಿಂತದ್ದು 1720ರ ವಿಷಯ ಓದಿದಾಗ. ಬಾಖ್ ಆಗ ಕ್ಯೋಥೆನ್ನಿನ ರಾಜಕುಮಾರನ ಆಸ್ಥಾನದಲ್ಲಿದ್ದ. ರಾಜಕುಮಾರ ಕಾರ್ಲ್ಸ್‌ಬಾಡಿನ ಬಿಸಿನೀರಿನ ಬುಗ್ಗೆಗಳಿಗೆ ಹೊರಟ, ಸಂಗೀತದವರೂ ಜೊತೆಗೆ ಹೋಗಬೇಕು. ಎರಡು ತಿಂಗಳ ಮೇಲೆ ಮನೆಗೆ ಬಂದರೆ, ಚೆನ್ನಾಗಿ ಬಿಟ್ಟುಹೋಗಿದ್ದ ಹೆಂಡತಿ ಸತ್ತು ಮಣ್ಣಾಗಿ ದಿನಗಳೇ ಆಗಿದ್ದವು. ಈ ಸಲ ಅವನು ರಜೆ ಮೀರಿರಲಿಲ್ಲ. ಡ್ಯೂಟಿಯ ಮೇಲಿದ್ದ.

ನನ್ನ ಅಮ್ಮ ತೀರಿಕೊಂಡದ್ದು 1999ರ ಮಾರ್ಚ್ 29ಕ್ಕೆ. ನಾನು ಆಗ ಹೊರರಾಜ್ಯದ ಶಾಖೆಯಲ್ಲಿದ್ದೆ. ವಾರದ ಮುಂಚೆಯೇ ತಮ್ಮ ಫೋನ್ ಮಾಡಿ, ‘ಅಣ್ಣಾ, ಈ ಸಲ ಬಂದುಬಿಡು’ ಅಂದಿದ್ದ. ವಾರ್ಷಿಕ ಲೆಕ್ಕ ಮುಗಿಸಿ ಏಪ್ರಿಲ್ 1ರ ರಾತ್ರಿ ಹೊರಡುತ್ತೇನೆ ಅಂತ ಹೇಳಿದ್ದೆ. ರಜೆ ಕೇಳಿದ್ದರೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಕೇಳಲಿಲ್ಲ. ರಜೆಯ ವಿಷಯದಲ್ಲಿ ನಾನು ಶಿಸ್ತಿನವನು ಅಂತ ಹೆಸರಿತ್ತಲ್ಲ, ಆ ಹೆಸರು ನನಗೆ ಇಷ್ಟವಿತ್ತು. ನಾನು ಬರುವ ಹೊತ್ತಿಗೆ ಬೂದಿಯೂ ತಣ್ಣಗಾಗಿತ್ತು. ಹಿರಿಯ ಮಗ ನಾನು. ಬೆಂಕಿ ಇಟ್ಟವನು ತಮ್ಮ.

ಈಗ ಆ ತಮ್ಮ ಒಂದು ಮಾತು ಕೇಳಿದ್ದಾನೆ. ಅದಕ್ಕೇ ಈ ಬಾಖ್, ರಜೆ, ಮದ್ದಳೆ ಎಲ್ಲ ನನ್ನ ತಲೆಯಲ್ಲಿ ಒಟ್ಟಿಗೆ ಸೇರಿಕೊಂಡಿರುವುದು. ತಿಪಟೂರಿನ ಮನೆಯಲ್ಲಿ ನನಗಿರುವ ಅರ್ಧ ಭಾಗಕ್ಕೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಡು ಅಂತ. ಅವನಾಗಿ ಕೇಳಲಿಲ್ಲ, ಅವನ ಮಗ ಮನೆ ರಿಪೇರಿಗೆ ಸಾಲ ಕೇಳಿದನಂತೆ, ಬ್ಯಾಂಕಿನವರು ದಾಖಲೆ ಒಬ್ಬರ ಹೆಸರಿನಲ್ಲಿ ಇರಲಿ ಅಂದರಂತೆ. ಇಂಥ ಮಾತನ್ನು ನಾನೇ ಎಷ್ಟು ಜನಕ್ಕೆ ಹೇಳಿಲ್ಲ! ತಮ್ಮ ಫೋನಿನಲ್ಲಿ ತುಂಬ ಸುತ್ತುಬಳಸಿ ಮಾತಾಡಿ, ಕೊನೆಗೆ ‘ನಿಂಗೆ ಬ್ಯಾಡ ಅನ್ಸಿದ್ರೆ ಬ್ಯಾಡ ಬಿಡಣ್ಣ’ ಅಂದ.

ನನ್ನಾಕೆ ಒಪ್ಪಲಿಲ್ಲ. ಅವಳ ವಾದದಲ್ಲಿ ಹುರುಳಿಲ್ಲ ಅನ್ನುವ ಹಾಗಿಲ್ಲ. ‘1994ರಲ್ಲಿ ಮಹಡಿ ಕಟ್ಸಿದ್ದು ಯಾರ ದುಡ್ಡಲ್ಲಿ? ನನ್ನ ಎರಡು ಬಳೆ ಅದರಲ್ಲಿದೆ. ತಿಂಗಳಾ ತಿಂಗಳಾ ಅತ್ತೆಗೆ ಕಳಿಸ್ತಿರಲಿಲ್ವಾ? ಮಗಳನ್ನ ಒಂದು ಮಾತು ಕೇಳಿದ್ರಾ?’ ಅಂದಳು. ಕಳಿಸಿದ್ದು ನಿಜ. ಅದರ ಲೆಕ್ಕವೂ ಇದೆ. ಎಂ.ಕಾಂ. ಓದಿದವನು ನೋಡಿ, 1986ರಿಂದ ಅಮ್ಮ ಹೋಗುವ ತನಕ ಕಳಿಸಿದ ಪ್ರತಿ ಡ್ರಾಫ್ಟಿನ ನಂಬರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮಹಡಿಯ ಖರ್ಚು ಬಿಟ್ಟು 1,43,600 ರೂಪಾಯಿ. ಆ ನೋಟ್‌ಬುಕ್ ಆಲುವಕ್ಕೂ ಬಂದಿದೆ, ಯಾಕೆ ತಂದೆನೋ.

ತಮ್ಮನ ಹತ್ತಿರ ನೋಟ್‌ಬುಕ್ ಇಲ್ಲ. ಅವನಿಗೂ ಬೆಂಗಳೂರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಇಬ್ಬರೂ ಹೋದರೆ ಅಮ್ಮನನ್ನು ನೋಡುವವರು ಯಾರು ಅಂತ ಮಾತು ಬಂದಾಗ, ನಾನು ಆಗಲೇ ಹೋಗಿಬಿಟ್ಟಿದ್ದೆ. ಹಾಗಾಗಿ ಅವನು ಉಳಿದ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದುಕೊಂಡು ಬದುಕಿದ. ಅಮ್ಮ ಹಾಸಿಗೆ ಹಿಡಿದ ಮೂರು ವರ್ಷ ಅವನೂ ಅವನ ಹೆಂಡತಿಯೂ ಮೈ ಒರೆಸಿದ್ದಕ್ಕೆ, ಸೀರೆ ಬದಲಾಯಿಸಿದ್ದಕ್ಕೆ, ನಡುರಾತ್ರಿ ತುಮಕೂರಿಗೆ ಕಾರು ಹುಡುಕಿದ್ದಕ್ಕೆ ಯಾವ ಖಾತೆಯಲ್ಲಿ ಎಷ್ಟು ಬರೆಯಬೇಕು? ಬರೆಯಲು ಬರುವುದಿಲ್ಲ ಅಂತ ಸೊನ್ನೆ ಅಂತ ತೆಗೆದುಕೊಳ್ಳುವುದೇ? ಹಬ್ಬಕ್ಕೆ ನಾನು ಹೋದಾಗ ಅಮ್ಮ ಬೀದಿಯವರಿಗೆಲ್ಲ ‘ನನ್ನ ಮಗ ಮ್ಯಾನೇಜರ್ರು’ ಅಂತ ತೋರಿಸುತ್ತಿದ್ದಳು. ತಮ್ಮ ಒಳಗೆ ಒಲೆಗೆ ಸೌದೆ ಒಡೆಯುತ್ತಿದ್ದ. ನಾನು ಕೈಯಾಡಿಸುತ್ತಿದ್ದ ಆರ್ಗನ್ನಿಗೆ ಹಿಂದಿನಿಂದ ಗಾಳಿ ಬರುತ್ತಿದ್ದದ್ದು ಎಲ್ಲಿಂದ ಅಂತ ನಾನು ಕೇಳಿದವನೇ ಅಲ್ಲ.

ಹಾಗಂತ ಹೊರಟು ಹೋದದ್ದೇ ತಪ್ಪೇ? ಇದನ್ನೂ ಮಾಷ್ ಜೊತೆ ವಾದ ಮಾಡಿದ್ದೇನೆ. ಅವರು ಅದಕ್ಕೆ ಉತ್ತರವಾಗಿ ಒಂದು ಭಾನುವಾರ ನನ್ನನ್ನು ತ್ರಿಶ್ಶೂರಿನ ಆಚೆ ವೇಲೂರಿಗೆ ಕರೆದುಕೊಂಡು ಹೋದರು. ಅಲ್ಲೊಂದು ಹಳೆಯ ಇಗರ್ಜಿ, ಪಕ್ಕದಲ್ಲಿ ಒಂದು ಹೆಂಚಿನ ಮನೆ. ಸರ್ಕಾರ ಅದನ್ನು ಸಂರಕ್ಷಿತ ಸ್ಮಾರಕ ಮಾಡಿದೆ. ಅರ್ಣೋಸ್ ಪಾದಿರಿ ಇದ್ದ ಮನೆ.

ಇವರ ಹೆಸರು ಯೊಹಾನ್ ಅರ್ನ್ಸ್ಟ್ ಹಾಂಕ್ಸ್‌ಲೇಡನ್. ಇವರೂ ಜರ್ಮನಿಯವರೇ, ಓಸ್ನಾಬ್ರುಕ್ ಹತ್ತಿರದ ಓಸ್ಟರ್‌ಕಾಪೆಲ್ನ್ ಊರು. 1681ರಲ್ಲಿ ಹುಟ್ಟಿದವರು, ಬಾಖ್‌ಗಿಂತ ನಾಲ್ಕೇ ವರ್ಷ ದೊಡ್ಡವರು. 1699ರಲ್ಲಿ ಯೇಸುಸಭೆಯ ಇಬ್ಬರು ಹಿರಿಯರ ಜೊತೆ ಹೊರಟರು. ತುರ್ಕಿ, ಪರ್ಷಿಯಾ ದಾಟಿ 1700ರ ಕೊನೆಗೆ ಸೂರತ್ ಮುಟ್ಟುವ ಹೊತ್ತಿಗೆ ಆ ಇಬ್ಬರೂ ದಾರಿಯಲ್ಲೇ ಸತ್ತಿದ್ದರು. ಹತ್ತೊಂಬತ್ತರ ಹುಡುಗ ಒಬ್ಬನೇ ಉಳಿದ. ಗೋವೆಯಿಂದ ಇಲ್ಲಿಗೆ ಹತ್ತಿರದ ಅಂಬಳಕ್ಕಾಡಿಗೆ ಬಂದು, ಮಲಯಾಳ ಕಲಿತು, ನಂಬೂದಿರಿಗಳ ಸ್ನೇಹ ಸಂಪಾದಿಸಿ ಅವರಿಂದಲೇ ಸಂಸ್ಕೃತ ಕಲಿತರು. ಸಂಸ್ಕೃತಕ್ಕೆ ಲ್ಯಾಟಿನ್ನಿನಲ್ಲಿ ಒಂದು ವ್ಯಾಕರಣ ಬರೆದರು. ಅದರ ಹಸ್ತಪ್ರತಿ ಎಲ್ಲೋ ಕಳೆದುಹೋಗಿತ್ತು, 2010ರಲ್ಲಿ ರೋಮ್ ಹತ್ತಿರದ ಮಠವೊಂದರಲ್ಲಿ ಸಿಕ್ಕಿ 2013ರಲ್ಲಿ ಅಚ್ಚಾಯಿತು. ಆದರೆ ಇಲ್ಲಿಯ ಜನಕ್ಕೆ ಬೇಕಾದದ್ದು ವ್ಯಾಕರಣ ಅಲ್ಲ, ‘ಪುತ್ತನ್ ಪಾನ’. ಏಸುವಿನ ಕಥೆಯನ್ನು ಹದಿನಾಲ್ಕು ಪಾದಗಳಲ್ಲಿ, ಈ ನೆಲದ ಪಾನದ ಮಟ್ಟಿನಲ್ಲಿ ಹಾಡಿದ ಕಾವ್ಯ. ಪೂಂದಾನಂ ನಂಬೂದಿರಿಗಳ ‘ಜ್ಞಾನಪ್ಪಾನ’ದ ಧಾಟಿಯನ್ನು ಒಬ್ಬ ಜರ್ಮನ್ ಪಾದ್ರಿ ಎತ್ತಿಕೊಂಡದ್ದು ಅದು.

ನಮಗೆ ತಕ್ಷಣ ಕಿಟ್ಟೆಲ್ ನೆನಪಾಗುತ್ತಾರೆ. ನನಗೂ ಆಯಿತು. ಆದರೆ ಕಿಟ್ಟೆಲ್ಲರು 1894ರಲ್ಲಿ ಕೋಶವನ್ನು ನಮ್ಮ ಕೈಯಲ್ಲಿಟ್ಟು, 1903ರಲ್ಲಿ ತಮ್ಮ ನಾಡಿನ ಟ್ಯೂಬಿಂಗೆನ್ನಿನಲ್ಲಿ ಕಣ್ಣುಮುಚ್ಚಿದರು. ಅರ್ಣೋಸ್ ಪಾದಿರಿ ವಾಪಸು ಹೋಗಲೇ ಇಲ್ಲ. 1732ರ ಮಾರ್ಚ್ 20ರಂದು ಪಳುವಿಲ್ ಅನ್ನುವ ಹಳ್ಳಿಯಲ್ಲಿ ಹಾವು ಕಚ್ಚಿ ಸತ್ತರು ಅನ್ನುತ್ತಾರೆ. ಇತ್ತ ಬಾಖ್ ಜರ್ಮನ್ ಮಾತಿನ ನಾಡುಗಳನ್ನು ದಾಟಿ ಹೋದವನೇ ಅಲ್ಲ. ಮಾಷ್ ಒಂದು ವಿಷಯ ಹೇಳಿ ನನ್ನನ್ನು ಬೆರಗುಗೊಳಿಸಿದರು: ಬಾಖ್ ಏಸುವಿನ ಮರಣದ ಕಥೆಯನ್ನು ಮತ್ತಾಯನ ಸುವಾರ್ತೆಯಿಂದ ತೆಗೆದು ಸಂಗೀತಕ್ಕೆ ಅಳವಡಿಸಿ ಲೈಪ್‌ಜಿಗ್‌ನಲ್ಲಿ ಮೊದಲು ಹಾಡಿಸಿದ್ದು 1727ರ ಶುಭ ಶುಕ್ರವಾರ. ಆಗ ಇಲ್ಲಿ ಅರ್ಣೋಸ್ ಪಾದಿರಿ ಬದುಕಿದ್ದರು. ಒಂದೇ ನಾಡಿನ, ಒಂದೇ ಕಾಲದ ಇಬ್ಬರು. ಒಂದೇ ಸಾವಿನ ಕಥೆ. ಒಬ್ಬ ತನ್ನ ಭಾಷೆಯಲ್ಲಿ, ಇನ್ನೊಬ್ಬರು ಇಪ್ಪತ್ತು ದಾಟಿದ ಮೇಲೆ ಕಲಿತ ಭಾಷೆಯಲ್ಲಿ.

‘ಹೋಗಿದ್ದು ತಪ್ಪು ಅಂದರೆ ಈ ಪಾನ ಇಲ್ಲ’ ಅಂತ ಮಾಷ್ ಅಂದರು. ಸರಿಯೇ. ಆದರೆ ಅಲ್ಲಿ ನಿಂತು ನನಗೆ ಬಂದ ಯೋಚನೆ ಬೇರೆ. ಓಸ್ಟರ್‌ಕಾಪೆಲ್ನ್‌ನಲ್ಲಿ ಹದಿನೆಂಟರ ಮಗನನ್ನು ಕಳಿಸಿಕೊಟ್ಟ ಒಂದು ಮನೆ ಇತ್ತಲ್ಲ? ಕಾಗದ ಮುಟ್ಟಲು ವರ್ಷಗಟ್ಟಲೆ ಹಿಡಿಯುತ್ತಿದ್ದ ಕಾಲ. ಆ ಮನೆಯವರಿಗೆ ಪಾನ ಏನು ಗೊತ್ತು? ಒಬ್ಬರು ಹೋಗಿ ದೊಡ್ಡದೊಂದನ್ನು ಮಾಡಿದರೆ ಅದರ ಪುಣ್ಯ ಅಲ್ಲಿ ಜಮೆಯಾಗುತ್ತೆ, ಖರ್ಚು ಮಾತ್ರ ಇಲ್ಲಿ ಬೀಳುತ್ತೆ. ಎರಡೂ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡುವವರು ಯಾರೂ ಇಲ್ಲ. ದೊಡ್ಡದೇನನ್ನೂ ಮಾಡದ ನನ್ನಂಥವರ ವಿಷಯ ಕೇಳುವುದೇ ಬೇಡ. ನಾನು ಹೋದದ್ದು ಬುಕ್ಸ್‌ಟೆಹುಡೆಯನ್ನು ಕೇಳಲಿಕ್ಕಲ್ಲ, ಅಧಿಕಾರಿಯ ಸ್ಕೇಲಿಗೆ.

ಹೋದ ವರ್ಷ ನೋಂಬಿನ ದಿನಗಳಲ್ಲಿ ಮಾಷ್ ಹೆಂಡತಿ ತೀರಿಕೊಂಡರು. ನಾವು ಅವರನ್ನು ಚೇಚಿ ಅನ್ನುತ್ತಿದ್ದೆವು. ನನ್ನಾಕೆಗೆ ಮಲಯಾಳ ಕಲಿಸಿದವರು ಅವರೇ. ರಾತ್ರಿಯಿಡೀ ಹೆಣದ ಮುಂದೆ ಕೂತು ಬಂಧುಗಳ ಪೈಕಿ ಮೂರು ಜನ ಮುದುಕಿಯರು ಪಾನ ಹಾಡಿದರು. ಹನ್ನೆರಡನೆಯ ಪಾದ, ಶಿಲುಬೆಯ ಕೆಳಗೆ ತಾಯಿ ಮಗನಿಗಾಗಿ ಅಳುವುದು. ಇಗರ್ಜಿಯ ಕೀಬೋರ್ಡ್ ಇಲ್ಲ, ತಾಳ ಇಲ್ಲ, ಏರಿಳಿತವೂ ಹೆಚ್ಚಿಲ್ಲ. ನಮ್ಮ ಕಡೆ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಅರ್ಧ ಮಾತು ನನಗೆ ತಿಳಿಯಿತು, ಅರ್ಧ ತಿಳಿಯಲಿಲ್ಲ, ಅದರಿಂದ ಏನೂ ಕೊರತೆಯಾಗಲಿಲ್ಲ. ಅಮ್ಮನ ಮುಂದೆ ಕೂರದಿದ್ದ ರಾತ್ರಿಯನ್ನು ಇಪ್ಪತ್ತೈದು ವರ್ಷ ತಡವಾಗಿ ಬೇರೆಯವರ ಮನೆಯಲ್ಲಿ ಕೂತೆ. ಬೆಳಗಿನ ಜಾವ ಮಾಷ್ ನನ್ನ ಪಕ್ಕ ಬಂದು ಕೂತು, ‘ಮಗ ದುಬೈನಿಂದ ಹತ್ತು ಗಂಟೆಗೆ ಇಳಿಯುತ್ತಾನೆ, ಕಾಯಬೇಕು’ ಅಂದರು. ಕಾದರು. ಮಗ ಬಂದ, ಸಮಯಕ್ಕೆ ಸರಿಯಾಗಿ.

ಅದಾದ ಮೇಲೆ ನಾನು ಮಗಳನ್ನು ಕೂರಿಸಿಕೊಂಡು ಮನೆಯ ವಿಷಯ ಹೇಳಿದೆ. ನೋಟ್‌ಬುಕ್ ಕೂಡ ತೋರಿಸಿದೆ. ಅವಳು ಪುಟ ತಿರುವಿ, ‘ಅಪ್ಪಾ, ಇದರಲ್ಲಿ ಚಿಕ್ಕಪ್ಪನ ಕಾಲಂ ಎಲ್ಲಿದೆ?’ ಅಂದಳು. ತಮಾಷೆಗೆ ಕೇಳಿದಳೋ ನಿಜವಾಗಿ ಕೇಳಿದಳೋ ಗೊತ್ತಾಗಲಿಲ್ಲ. ಆಮೇಲೆ ನಮ್ಮಮ್ಮನ ಬಳೆಯ ದುಡ್ಡನ್ನು ಮಾತ್ರ ಅವರ ಹತ್ತಿರ ಕೇಳಬೇಡ, ನೀನೇ ಅಮ್ಮನಿಗೆ ಮಾಡಿಸಿಕೊಡು ಅಂದಳು. ನನ್ನಾಕೆ ಒಳಗಿನಿಂದ, ‘ನನಗೇನೂ ಬ್ಯಾಡ’ ಅಂದಳು. ಆ ಮಾತಿನ ಅರ್ಥ ಮದುವೆಯಾದವರಿಗೆಲ್ಲ ಗೊತ್ತು. ಬಳೆ ಮಾಡಿಸಬೇಕು. ಈಗಿನ ಚಿನ್ನದ ಧಾರಣೆಗೆ ಅದು ನನ್ನ ನಾಲ್ಕು ತಿಂಗಳ ಪೆನ್ಷನ್ನು.

ಮುಂದಿನ ತಿಂಗಳು ಐಲೆಂಡ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಆಗಿದೆ. ಬೆಂಗಳೂರಿಗೆ ಹೋಗಿ ಅಲ್ಲಿಂದ ತಿಪಟೂರು, ತಮ್ಮನ ಜೊತೆ ಸಬ್ ರಿಜಿಸ್ಟ್ರಾರ್ ಕಚೇರಿ. ಮದ್ದಳೆಯವರ ಸೀಟು ನೋಡಿಕೊಂಡ ಆಕೆ ಈಗ ಉಡುಪಿಯಲ್ಲಿ ಮಗನ ಮನೆಯಲ್ಲಿದ್ದಾರಂತೆ, ನಿವೃತ್ತರ ಸಂಘದವರಿಂದ ವಿಳಾಸ ತಂದಿದ್ದೇನೆ. ಒಂದು ಕಾಗದ ಬರೆಯಲು ಕೂತು ಎರಡು ಸಲ ಹರಿದುಹಾಕಿದೆ. ಆಫೀಸ್ ಕಾಗದದ ಹಾಗೇ ಬರುತ್ತೆ.

ಹೋಗುವ ಟಿಕೆಟ್ ಮಾತ್ರ ತೆಗೆದದ್ದು ನೋಡಿ ಮೊಮ್ಮಗ, ‘ತಾತಾ, ಎತ್ರ ದಿವಸಂ?’ ಅಂತ ಕೇಳಿದ. ಎಷ್ಟು ದಿನ ಅಂತ.

ನಾಲ್ಕು ವಾರ ಅಂದೆ.